ಜಾನಿ ರಮೋನ್ ಬರೆದಿಟ್ಟ ಲೆಕ್ಕ

ನನ್ನ ಪಿಎಚ್.ಡಿ.ಯ ಹೆಚ್ಚಿನ ದಿನಗಳು ಹಳೆಯ ಲೆಕ್ಕದ ಪುಸ್ತಕಗಳ ಮುಂದೆ ಕಳೆಯುತ್ತವೆ. ಒಂದು ವೃತ್ತಿ ನಾಟಕ ಕಂಪನಿ ಯಾವ ಊರಲ್ಲಿ ಕ್ಯಾಂಪ್ ಹಾಕಿತ್ತು, ಆ ರಾತ್ರಿಯ ಕಲೆಕ್ಷನ್ ಎಷ್ಟು, ಹಾರ್ಮೋನಿಯಂ ಮಾಸ್ತರರಿಗೆ ಸಂದ ಸಂಬಳ ಎಷ್ಟು, ಇಂಥವೇ ನನ್ನ ಆಕರಗಳು. ಹಾಗಾಗಿ ಪಂಕ್ ರಾಕ್ ಗಿಟಾರಿಸ್ಟ್ ಜಾನಿ ರಮೋನ್ ಕೂಡ ತಾನು ನುಡಿಸಿದ ಶೋಗಳ ಲೆಕ್ಕವನ್ನು ಶಿಸ್ತಾಗಿ ಬರೆದಿಡುತ್ತಿದ್ದ ಎಂದು ಓದಿದಾಗ ನನ್ನ ಕಿವಿ ನೆಟ್ಟಗಾಯಿತು. ಹಾಸ್ಟೆಲಿನ ದಿನಗಳಲ್ಲಿ ನಾನು ಕೇಳಿದ್ದ ಪಂಕ್ ಎಂದರೆ ಶಿಸ್ತನ್ನು ಮುರಿಯುವ ಸಂಗೀತ. ಅದರ ದೊಡ್ಡ ಹೆಸರೊಂದು ಗುಮಾಸ್ತನ ಹಾಗೆ ಕೂತು ಲೆಕ್ಕ ಬರೆಯುವುದೆಂದರೇನು?

ಅವನ ನಿಜವಾದ ಹೆಸರು ಜಾನ್ ಕಮಿಂಗ್ಸ್. ಹುಟ್ಟಿದ್ದು 1948ರ ಅಕ್ಟೋಬರ್ 8ರಂದು, ನ್ಯೂಯಾರ್ಕಿನಲ್ಲಿ. ತಂದೆ ಕಟ್ಟಡ ಕೆಲಸದವರು. ಒಬ್ಬನೇ ಮಗ ಜಾನ್ ಕೂಡ ಬ್ಯಾಂಡ್ ಕಟ್ಟುವ ಮೊದಲು ಕಟ್ಟಡಗಳಲ್ಲೇ ದುಡಿದ. 1974ರ ಜನವರಿಯಲ್ಲಿ ಮ್ಯಾನ್ಹಟನ್ನಿನ 'ಮ್ಯಾನೀಸ್' ಅಂಗಡಿಯಲ್ಲಿ ಸುಮಾರು 50 ಡಾಲರಿಗೆ ನೀಲಿ ಬಣ್ಣದ ಮೋಸ್‌ರೈಟ್ ಗಿಟಾರ್ ಕೊಂಡ. ಅದೇ ವರ್ಷ ಕ್ವೀನ್ಸ್‌ನ ಫಾರೆಸ್ಟ್ ಹಿಲ್ಸ್ ಬಡಾವಣೆಯ ಗೆಳೆಯರು ಸೇರಿ 'ರಮೋನ್ಸ್' ಬ್ಯಾಂಡ್ ಕಟ್ಟಿದರು. ಅಣ್ಣತಮ್ಮಂದಿರಲ್ಲದಿದ್ದರೂ ಎಲ್ಲರೂ ರಮೋನ್ ಎಂಬ ಒಂದೇ ಮನೆತನದ ಹೆಸರಿಟ್ಟುಕೊಂಡರು. ಹಾಡುವವನು ಜೋಯಿ, ಬೇಸ್ ಗಿಟಾರಿಗೆ ಡೀ ಡೀ, ಡ್ರಮ್ಸ್‌ಗೆ ಟಾಮಿ.

ಆಗಿನ ರಾಕ್ ಸಂಗೀತದಲ್ಲಿ ಗಿಟಾರಿಸ್ಟ್ ಎಂದರೆ ಉದ್ದುದ್ದ ಸೋಲೋ ನುಡಿಸಿ ಬೆರಳಿನ ಚಳಕ ತೋರಿಸುವವನು. ಜಾನಿಗೆ ಅದು ಬರುತ್ತಲೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನು ಮಾಡಿದ್ದು ಒಂದೇ ಕೆಲಸ. ಗಿಟಾರನ್ನು ಸೊಂಟದ ಕೆಳಗೆ ಇಳಿಬಿಟ್ಟು, ಕಾಲು ಅಗಲಿಸಿ ನಿಂತು, ಕೆಲವೇ ಕಾರ್ಡ್‌ಗಳನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಮೀಟುವುದು. ಸಾಮಾನ್ಯವಾಗಿ ಕೈ ಕೆಳಗಿಳಿದಾಗ ಒಮ್ಮೆ, ಮೇಲೇರುವಾಗ ಒಮ್ಮೆ ತಂತಿ ಮೀಟುತ್ತಾರೆ, ಶ್ರಮ ಅರ್ಧವಾಗುತ್ತದೆ. ಜಾನಿ ಆ ರಿಯಾಯಿತಿಯನ್ನು ಬಿಟ್ಟುಕೊಟ್ಟ. ಪ್ರತಿ ಪೆಟ್ಟೂ ಒಂದೇ ತೂಕದ್ದು, ಒಂದೇ ದಿಕ್ಕಿನದು. ಅಷ್ಟು ವೇಗದಲ್ಲಿ ಹಾಗೆ ನುಡಿಸಲು ಎಂಥ ತೋಳು ಬೇಕೆಂಬುದು ಗಿಟಾರ್ ಹಿಡಿದು ಎರಡು ನಿಮಿಷ ಪ್ರಯತ್ನಿಸಿದ ಯಾರಿಗಾದರೂ ಗೊತ್ತು. ನನಗೆ ಮುಂಗೈ ಸೋತು ಬಂದಿತ್ತು. ಕೇಳಲು ಸುಲಭವೆನಿಸುವ ಈ ಸಂಗೀತದ ಒಳಗಿರುವುದು ಕೂಲಿಯವನ ಕಸುವು.

1974ರ ಆಗಸ್ಟಿನಲ್ಲಿ ಅವರು ಸಿಬಿಜಿಬಿ ಎಂಬ ಕ್ಲಬ್ಬಿನಲ್ಲಿ ಮೊದಲ ಸಲ ನುಡಿಸಿದರು. ಆರಂಭದ ಶೋಗಳು 20 ನಿಮಿಷದೊಳಗೆ ಮುಗಿಯುತ್ತಿದ್ದವು. 1976ರಲ್ಲಿ ಬಂದ ಮೊದಲ ಆಲ್ಬಂಗೆ ತಗುಲಿದ ಖರ್ಚು ಸುಮಾರು 6,400 ಡಾಲರ್. 14 ಹಾಡುಗಳು, ಅರ್ಧ ಗಂಟೆಗೂ ಕಡಿಮೆ. ಅಮೆರಿಕದ ಪಟ್ಟಿಯಲ್ಲಿ ಅದು 111ನೇ ಸ್ಥಾನ ದಾಟಲಿಲ್ಲ. ಆದರೆ ಆ ಜುಲೈ 4ರಂದು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನುಡಿಸಿದಾಗ, ಅಲ್ಲಿ ಹುಟ್ಟುತ್ತಿದ್ದ ಪಂಕ್ ಪೀಳಿಗೆಗೆ ಅವರೇ ಮಾದರಿಯಾದರು.

ಹೆಸರು ಬಂತು, ಹಣ ಬರಲಿಲ್ಲ. ರೇಡಿಯೋ ಅವರ ಹಾಡು ಹಾಕುತ್ತಿರಲಿಲ್ಲ. ಆದ್ದರಿಂದ ವ್ಯಾನ್ ಹತ್ತಿ ಊರೂರು ಸುತ್ತುವುದೇ ಜೀವನೋಪಾಯ. ಈ ತಿರುಗಾಟವನ್ನು ನಡೆಸಿದ್ದು ಜಾನಿಯ ಗಡುಸು ಶಿಸ್ತು. 1983ರ ಆಗಸ್ಟಿನಲ್ಲಿ ಬೀದಿ ಜಗಳವೊಂದರಲ್ಲಿ ಅವನ ತಲೆಬುರುಡೆ ಒಡೆದು, ಮೆದುಳಿನ ಶಸ್ತ್ರಚಿಕಿತ್ಸೆಯಾಯಿತು; ಕೆಲವೇ ತಿಂಗಳಲ್ಲಿ ಮತ್ತೆ ವೇದಿಕೆಯ ಮೇಲಿದ್ದ. 1996ರ ಆಗಸ್ಟ್ 6ರಂದು ಹಾಲಿವುಡ್‌ನಲ್ಲಿ ಕೊನೆಯ ಶೋ ಮುಗಿದಾಗ ಒಟ್ಟು ಸಂಖ್ಯೆ 2,263. ಎಂದರೆ 22 ವರ್ಷ ಕಾಲ, ವರ್ಷಕ್ಕೆ ನೂರರ ಮೇಲೆ.

ಇಲ್ಲಿಗೆ ನಿಲ್ಲಿಸಿದರೆ ಇದು ದುಡಿಮೆಯ ಗುಣಗಾನವಾಗುತ್ತದೆ. ಆದರೆ ಆ ವ್ಯಾನಿನೊಳಗೆ ಇನ್ನೊಂದು ಚರಿತ್ರೆಯಿತ್ತು. 80ರ ದಶಕದ ಆರಂಭದಲ್ಲಿ ಜೋಯಿಯ ಗೆಳತಿ ಅವನನ್ನು ಬಿಟ್ಟು ಜಾನಿಯ ಕಡೆ ಹೋದಳು. ಮುಂದೆ ಅವರಿಬ್ಬರೂ ಮದುವೆಯಾದರು. ಅಲ್ಲಿಂದ ಕೊನೆಯವರೆಗೆ, ಸುಮಾರು ಒಂದೂವರೆ ದಶಕ, ಇಬ್ಬರ ನಡುವೆ ಹೆಚ್ಚುಕಡಿಮೆ ಮಾತೇ ಇರಲಿಲ್ಲ.

ರಾಜಕೀಯವೂ ಅಡ್ಡ ಬಂತು. ಜಾನಿ ರೇಗನ್‌ನ ಅಭಿಮಾನಿ, ಕಟ್ಟಾ ರಿಪಬ್ಲಿಕನ್. 1985ರಲ್ಲಿ ರೇಗನ್ ಜರ್ಮನಿಯ ಬಿಟ್‌ಬರ್ಗ್‌ನಲ್ಲಿ ನಾತ್ಸಿ ಎಸ್‌ಎಸ್ ಸೈನಿಕರ ಗೋರಿಗಳೂ ಇದ್ದ ಸ್ಮಶಾನಕ್ಕೆ ಭೇಟಿ ಕೊಟ್ಟ. ಯಹೂದಿ ಮನೆತನದ ಜೋಯಿ ಸಿಟ್ಟಿನಿಂದ ಅದರ ವಿರುದ್ಧ ಹಾಡು ಕಟ್ಟಿದಾಗ ಜಾನಿಗೆ ಹಿಡಿಸಲಿಲ್ಲ. ಆಲ್ಬಂನಲ್ಲಿ ಹಾಡಿನ ಶೀರ್ಷಿಕೆ ಬದಲಾಯಿತು. 2002ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ಅವನು ವೇದಿಕೆಯಿಂದ ಅಧ್ಯಕ್ಷ ಬುಷ್‌ಗೆ ಒಳ್ಳೆಯದಾಗಲೆಂದು ಹಾರೈಸಿದ. ಆ ಸಂಜೆಗೆ ಜೋಯಿ ಇರಲಿಲ್ಲ. ಅವನು ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಜಾನಿ ಕೊನೆಗಾಲದಲ್ಲೂ ಅವನಿಗೆ ಒಂದು ಫೋನ್ ಮಾಡಿರಲಿಲ್ಲ. ಸಾವಿನ ಸುದ್ದಿ ಬಂದ ಮೇಲೆ ಮಾತ್ರ ತಾನು ಕುಗ್ಗಿಹೋದದ್ದನ್ನು, ಯಾಕೆಂದು ತನಗೇ ಅರ್ಥವಾಗದಂತೆ, ಸಾಕ್ಷ್ಯಚಿತ್ರವೊಂದರಲ್ಲಿ ಒಪ್ಪಿಕೊಂಡ.

ಜಾನಿಯೂ 2004ರ ಸೆಪ್ಟೆಂಬರ್ 15ರಂದು, 55ನೇ ವಯಸ್ಸಿನಲ್ಲಿ, ಪ್ರಾಸ್ಟೇಟ್ ಕ್ಯಾನ್ಸರಿಗೆ ಬಲಿಯಾದ. ನೀಲಿ ಗಿಟಾರ್ ಕಳುವಾದ ಮೇಲೆ ಅವನು ಬಹುಕಾಲ ನುಡಿಸಿದ ಬಿಳಿ ಮೋಸ್‌ರೈಟ್ 2021ರ ಹರಾಜಿನಲ್ಲಿ 9 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ಲೆಕ್ಕ ಬರೆಯುವವನು ಬದುಕಿದ್ದಿದ್ದರೆ ಅದನ್ನೂ ಬರೆದುಕೊಳ್ಳುತ್ತಿದ್ದನೇನೋ.

ಅವನ ರಾಜಕೀಯ ನನಗೆ ಒಪ್ಪಿಗೆಯಿಲ್ಲ, ಜೋಯಿಯೊಂದಿಗೆ ನಡೆದುಕೊಂಡ ರೀತಿಯೂ. ಆದರೂ ಆ ಇಬ್ಬರೂ ರಾತ್ರಿಯಾದರೆ ಹತ್ತಡಿ ಅಂತರದಲ್ಲಿ ನಿಂತು, ಒಂದೂ ತಪ್ಪದ ಲಯದಲ್ಲಿ ನುಡಿಸಿ ಹಾಡುತ್ತಿದ್ದರು ಎಂಬುದನ್ನು ಹೇಗೆ ಬರೆಯುವುದು? 2,263 ರಾತ್ರಿಗಳ ಸಂಖ್ಯೆ ಸಿಗುತ್ತದೆ. ಆಡದೇ ಉಳಿದ ಮಾತುಗಳಿಗೆ ಕಾಲಂ ಇರುವುದಿಲ್ಲ. ಈಗೀಗ ನನ್ನ ಮೇಜಿನ ಮೇಲಿನ ಕಂಪನಿ ಪುಸ್ತಕಗಳಲ್ಲಿ 'ನಾಟಕ ಆಯಿತು, ಕಲೆಕ್ಷನ್ ಇಷ್ಟು' ಎಂಬ ಸಾಲು ಕಂಡಾಗ ಮುಂದಿನ ಪುಟಕ್ಕೆ ಹೋಗುವ ಮುನ್ನ ಸ್ವಲ್ಪ ತಡೆಯುತ್ತೇನೆ. ಆ ರಾತ್ರಿ ರಾಜನ ಪಾತ್ರದವರೂ ಮಂತ್ರಿಯ ಪಾತ್ರದವರೂ ಬಣ್ಣ ಒರೆಸಿಕೊಂಡ ಮೇಲೆ ಒಟ್ಟಿಗೆ ಊಟಕ್ಕೆ ಕೂತರೋ ಇಲ್ಲವೋ ಎಂದು ಯೋಚಿಸುತ್ತೇನೆ.