ಎರಡು ತಂತಿಗಳ ಗಡಿ

ರೇಡಿಯೋ ಇಟ್ಟುಕೊಂಡಿರುವ ನಿಮಗೆ ಅಲೆಗಳಿಗೆ ಗಡಿಯಿಲ್ಲವೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಶಾರ್ಟ್‌ವೇವ್ ಪಟ್ಟಿಯಲ್ಲಿ ಮುಳ್ಳನ್ನು ತುಸು ಸರಿಸಿದರೆ ಕೊಲಂಬೋ, ಇನ್ನೂ ತುಸು ಸರಿಸಿದರೆ ಲಂಡನ್ನು ನಮ್ಮ ನಡುಮನೆಗೆ ಬಂದು ಕೂಡುತ್ತಿದ್ದ ಕಾಲವೊಂದಿತ್ತು. 'ನೀನು ಯಾವ ದೇಶದಲ್ಲಿ ಕೊಂಡ ಪೆಟ್ಟಿಗೆ?' ಎಂದು ಯಾವ ನಿಲಯವೂ ನಮ್ಮ ರೇಡಿಯೋವನ್ನು ವಿಚಾರಿಸಲಿಲ್ಲ. ಹಾಗೆ ವಿಚಾರಿಸುವ ಪದಾರ್ಥಗಳೂ ಲೋಕದಲ್ಲಿ ಉಂಟು. ಅಂಥದೊಂದರ ಕಥೆಯನ್ನು ಇಲ್ಲಿ ಹೇಳುತ್ತೇನೆ. ಅದು ಮಕ್ಕಳಾಟದ ಯಂತ್ರ. ಆದರೆ ಅದರ ಕಥೆ ಮಕ್ಕಳಾಟದ್ದಲ್ಲ.

ಜಪಾನಿನ ಸೆಗಾ ಕಂಪನಿ 1988ರ ಅಕ್ಟೋಬರಿನಲ್ಲಿ 'ಮೆಗಾ ಡ್ರೈವ್' ಎಂಬ ಯಂತ್ರವನ್ನು ತನ್ನ ದೇಶದಲ್ಲಿ ಮಾರಾಟಕ್ಕಿಟ್ಟಿತು. ಮರುವರ್ಷ ಅದು 'ಜೆನೆಸಿಸ್' ಎಂಬ ಹೆಸರಿನಿಂದ ಅಮೆರಿಕಕ್ಕೂ, 1990ರಲ್ಲಿ ಮೊದಲಿನ ಹೆಸರಿನಿಂದಲೇ ಯುರೋಪಿಗೂ ಹೋಯಿತು. ಇದನ್ನು ಟೆಲಿವಿಷನ್ನಿಗೆ ಜೋಡಿಸಿ, ಆಟವನ್ನು ಅಡಗಿಸಿಟ್ಟ ಕಾರ್ಟ್ರಿಜ್ ಎಂಬ ಪ್ಲಾಸ್ಟಿಕ್ ಡಬ್ಬಿಯನ್ನು ಅದರ ನೆತ್ತಿಯ ಸೀಳಿನಲ್ಲಿ ಸಿಕ್ಕಿಸಿದರೆ ಪರದೆಯ ಮೇಲೆ ಆಟ ಮೂಡುತ್ತದೆ. ಯಂತ್ರದ ಮಿದುಳು ಮೂರು ಖಂಡಗಳಲ್ಲಿಯೂ ಒಂದೇ: ಮೋಟರೋಲಾ 68000 ಎಂಬ ಚಿಪ್ಪು. ಆದರೂ ಅಮೆರಿಕದ ಆಟವನ್ನು ಇಂಗ್ಲೆಂಡಿನ ಯಂತ್ರಕ್ಕೆ ಸಿಕ್ಕಿಸಿದರೆ ಅನೇಕ ವೇಳೆ ಅದು ನಡೆಯುತ್ತಿರಲಿಲ್ಲ. ಕಾರಣವೇನು?

ಕಾರ್ಟ್ರಿಜ್ಜಿನಲ್ಲಿರುವ ಆಟವು ಯಂತ್ರಕ್ಕೆ ಎರಡು ಪ್ರಶ್ನೆಗಳನ್ನು ಹಾಕಬಲ್ಲದು. 'ನೀನು ಜಪಾನಿನವನೋ, ಹೊರನಾಡಿನವನೋ?' ಎಂಬುದು ಒಂದು. 'ನಿನ್ನ ಚಿತ್ರ ಸೆಕೆಂಡಿಗೆ 60 ಬಾರಿ ಮೂಡುವುದೋ, 50 ಬಾರಿಯೋ?' ಎಂಬುದು ಇನ್ನೊಂದು. ಜಪಾನು ಮತ್ತು 60 ಎಂದರೆ ಜಪಾನಿನ ಯಂತ್ರ. ಹೊರನಾಡು ಮತ್ತು 60 ಎಂದರೆ ಅಮೆರಿಕದ್ದು. ಹೊರನಾಡು ಮತ್ತು 50 ಎಂದರೆ ಯುರೋಪಿನದು. ಎರಡು ಉತ್ತರಗಳಲ್ಲಿ ಮೂರು ಮಾರುಕಟ್ಟೆಗಳು ಅಡಗಿ ಕುಳಿತಿದ್ದವು.

ಇವುಗಳಲ್ಲಿ 60-50ರ ಭೇದವನ್ನು ಸೆಗಾ ಕಂಪನಿ ಹುಟ್ಟಿಸಿದ್ದಲ್ಲ. ಅದರ ಬೇರು ಮನೆಮನೆಯ ಕರೆಂಟಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಸೆಕೆಂಡಿಗೆ 60 ಆವರ್ತಗಳ ವಿದ್ಯುತ್ತನ್ನು ಹಿಡಿಯಿತು. ಜರ್ಮನಿಯ ಎಇಜಿ ಕಂಪನಿ 50ನ್ನು ಹಿಡಿಯಿತು. ಟೆಲಿವಿಷನ್ ಬಂದಾಗ, ಕರೆಂಟಿನ ಕಂಪನ ಚಿತ್ರವನ್ನು ಕದಡದಿರಲೆಂದು ಆಯಾ ದೇಶದವರು ತಮ್ಮ ಕರೆಂಟಿನ ಲೆಕ್ಕಕ್ಕೇ ಚಿತ್ರದ ಲೆಕ್ಕವನ್ನೂ ಹೊಂದಿಸಿಕೊಂಡರು. ಜಪಾನಿನ ಸ್ಥಿತಿಯಂತೂ ವಿಚಿತ್ರ. ಟೋಕಿಯೋ ಜರ್ಮನಿಯಿಂದಲೂ ಒಸಾಕಾ ಅಮೆರಿಕದಿಂದಲೂ ಯಂತ್ರ ತರಿಸಿದ್ದರಿಂದ ಆ ದೇಶದ ಪೂರ್ವಭಾಗದಲ್ಲಿ ಇಂದಿಗೂ 50, ಪಶ್ಚಿಮಭಾಗದಲ್ಲಿ 60. ಆದರೂ ಅದರ ಟೆಲಿವಿಷನ್ ಮಾತ್ರ ದೇಶಕ್ಕೆಲ್ಲ ಅಮೆರಿಕದ ಪದ್ಧತಿಯನ್ನೇ ಅನುಸರಿಸಿತು.

ನೂರು ವರ್ಷ ಹಿಂದಿನ ಈ ತೀರ್ಮಾನ ಮಕ್ಕಳ ಆಟಕ್ಕೆ ಹೇಗೆ ತಗುಲಿತು ನೋಡಿ. ಆಟಗಳನ್ನು ಬರೆದವರು ಕಾಲವನ್ನು ಚಿತ್ರಗಳ ಲೆಕ್ಕದಲ್ಲಿಯೇ ಅಳೆಯುತ್ತಿದ್ದರು. ಒಂದು ಚಿತ್ರಕ್ಕೆ ಒಂದು ಹೆಜ್ಜೆ. ಸೆಕೆಂಡಿಗೆ 60 ಹೆಜ್ಜೆ ಹಾಕಬೇಕಾದವನಿಗೆ 50 ಚಿತ್ರಗಳೇ ದೊರೆತರೆ ಅವನು ನಿಧಾನವಾಗಲೇಬೇಕಷ್ಟೆ. 1991ರಲ್ಲಿ ಬಂದ 'ಸಾನಿಕ್ ದ ಹೆಜ್‌ಹಾಗ್' ಎಂಬ ಆಟದ ನಾಯಕ ಒಂದು ನೀಲಿ ಮುಳ್ಳುಹಂದಿ. ವೇಗವೇ ಅವನ ಹೆಗ್ಗಳಿಕೆ. ಯುರೋಪಿನ ಮಕ್ಕಳು ಕಂಡ ಸಾನಿಕ್ ಆರು ಹೆಜ್ಜೆಗೆ ಐದೇ ಹೆಜ್ಜೆ ಓಡಿದ. ಮಸಾಟೊ ನಕಮುರಾ ರಚಿಸಿದ ಸಂಗೀತವೂ ಅದೇ ಗತಿಯಲ್ಲಿ ಎಳೆಯಿತು. 60 ಸೆಕೆಂಡಿನ ಮಟ್ಟು 72 ಸೆಕೆಂಡು ಹಿಡಿಯಿತು. ಸಾಲದೆಂಬಂತೆ ಚಿತ್ರದ ಮೇಲೂ ಕೆಳಗೂ ಕಪ್ಪು ಪಟ್ಟಿ. ಹಣ ಕೊಟ್ಟು ಕೊಂಡವರಲ್ಲಿ ಎಷ್ಟೋ ಮಂದಿಗೆ ತಾವು ಕೇಳುತ್ತಿರುವುದು ವಿಳಂಬಕಾಲದ ಹಾಡೆಂಬುದೇ ತಿಳಿಯಲಿಲ್ಲ.

ಮೊದಲನೆಯ ಪ್ರಶ್ನೆಯ ಹಿಂದೆ ಇಂಥ ಭೌತಿಕ ಕಾರಣವೇನೂ ಇರಲಿಲ್ಲ. ಕೆಲವೆಡೆ ಅದರಿಂದ ಉಪಕಾರವೇ ಆಯಿತೆನ್ನಿ. ಒಂದೇ ಕಾರ್ಟ್ರಿಜ್ ಜಪಾನಿನ ಯಂತ್ರದಲ್ಲಿ 'ಬೇರ್ ನಕಲ್' ಎಂದೂ, ಹೊರಗೆ 'ಸ್ಟ್ರೀಟ್ಸ್ ಆಫ್ ರೇಜ್' ಎಂದೂ ತನ್ನ ಹೆಸರನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ಆದರೆ ಬರಬರುತ್ತ ಅದೇ ಪ್ರಶ್ನೆ ಬಾಗಿಲ ಕಾವಲಾಯಿತು. ಉತ್ತರ ಒಪ್ಪಿಗೆಯಾಗದಿದ್ದರೆ, ಈ ಆಟ ಇಂಥ ದೇಶದ ಯಂತ್ರಕ್ಕೆ ಮಾತ್ರ ಎಂಬ ಒಕ್ಕಣೆ ಪರದೆಯ ಮೇಲೆ ನಿಲ್ಲುತ್ತಿತ್ತು. ಆಟ ಮುಂದೆ ಸಾಗುತ್ತಿರಲಿಲ್ಲ. ಒಂದೊಂದು ಮಾರುಕಟ್ಟೆಗೂ ಬೇರೆ ದಿನ, ಬೇರೆ ಬೆಲೆ ಗೊತ್ತುಮಾಡುವ ವ್ಯಾಪಾರಿಗೆ ಈ ಕಾವಲಿನಿಂದ ಅನುಕೂಲವಿತ್ತು.

ಹವ್ಯಾಸಿಗಳು ಯಂತ್ರದ ಮುಚ್ಚಳ ಬಿಚ್ಚಿ ನೋಡಿದಾಗ ಈ ಕಾವಲುಗಾರ ಎಷ್ಟು ಸಣ್ಣವನೆಂಬುದು ತಿಳಿಯಿತು. ಬೋರ್ಡಿನ ಮೇಲೆ 'ಜೆಪಿ 1'ರಿಂದ 'ಜೆಪಿ 4'ರವರೆಗೆ ಗುರುತು ಹಾಕಿದ ನಾಲ್ಕು ಸ್ಥಳಗಳು. ಮೊದಲ ಜೋಡಿ ದೇಶಕ್ಕೆ, ಎರಡನೆಯ ಜೋಡಿ 50-60ಕ್ಕೆ. ಪ್ರತಿ ಜೋಡಿಯಲ್ಲಿಯೂ ಒಂದು ಕಡೆ ಮಾತ್ರ ಬೆಸುಗೆ ಹಾಕಿದ ತುಂಡು ತಂತಿ. ಅದು 5 ವೋಲ್ಟಿಗೆ ಸೇರಿದ್ದರೆ ಒಂದು ಉತ್ತರ, ನೆಲಕ್ಕೆ, ಅಂದರೆ ಸೊನ್ನೆ ವೋಲ್ಟಿಗೆ, ಸೇರಿದ್ದರೆ ಇನ್ನೊಂದು. ಖಂಡಖಂಡಗಳ ನಡುವಣ ಗಡಿಯೆಂದರೆ ಇಷ್ಟೇ!

ಅವರು ಮಾಡಿದ ಉಪಾಯ ಸುಲಭವಾದದ್ದು. ತಂತಿಯನ್ನು ತೆಗೆದು, ಆ ಸ್ಥಾನದಲ್ಲಿ ಮೂರು ಕಾಲಿನ ಸ್ವಿಚ್ಚನ್ನು ಕೂರಿಸುವುದು. ನಡುವಿನ ಕಾಲು ಚಿಪ್ಪಿನ ಕಡೆಗೆ, ಒಂದು ಪಕ್ಕದ ಕಾಲು 5 ವೋಲ್ಟಿಗೆ, ಇನ್ನೊಂದು ನೆಲಕ್ಕೆ. ಇಂಥ ಎರಡು ಸ್ವಿಚ್ಚುಗಳನ್ನು ಪೆಟ್ಟಿಗೆಯ ಮಗ್ಗುಲಲ್ಲಿ ಕಂಡಿ ಕೊರೆದು ನಿಲ್ಲಿಸಿದರೆ ಒಂದೇ ಯಂತ್ರ ಮೂರು ದೇಶದ ಉತ್ತರವನ್ನೂ ಹೇಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ತಂತಿಯನ್ನು ತೆಗೆಯದೆ ಸ್ವಿಚ್ಚು ಹಾಕಿದರೆ 5 ವೋಲ್ಟೂ ನೆಲವೂ ನೇರವಾಗಿ ಕೂಡಿಕೊಂಡು ಯಂತ್ರಕ್ಕೇ ಅಪಾಯ. ಕೆಲವು ಆಟಗಳು ಆರಂಭದಲ್ಲಿ ಒಮ್ಮೆ ಮಾತ್ರ ವಿಚಾರಿಸುತ್ತವೆ. ಆ ಕ್ಷಣಕ್ಕೆ ಬೇಕಾದ ಉತ್ತರ ಕೊಟ್ಟು, ಒಳಹೊಕ್ಕ ಮೇಲೆ ಸ್ವಿಚ್ಚನ್ನು 60ಕ್ಕೆ ತಳ್ಳುವ ಚಮತ್ಕಾರವನ್ನೂ ಹವ್ಯಾಸಿಗಳು ಕಂಡುಕೊಂಡರು.

ಸ್ವಿಚ್ಚು ಎಲ್ಲವನ್ನೂ ಮಾಡಬಲ್ಲದೆಂದಲ್ಲ. ಯುರೋಪಿನ ಯಂತ್ರದ ಒಳಗಿನ ಹರಳಿನ ಗಡಿಯಾರ ಅಮೆರಿಕದ್ದಕ್ಕಿಂತ ನೂರಕ್ಕೆ ಒಂದರಷ್ಟು ನಿಧಾನ; ಆ ಕೊರತೆ ಉಳಿದೇ ಉಳಿಯುತ್ತದೆ. ಹಳೆಯ ಟೆಲಿವಿಷನ್ ಆದರೆ 60ರಲ್ಲಿ ಚಿತ್ರ ಉರುಳಲೂಬಹುದು, ಬಣ್ಣ ಮಾಯವಾಗಲೂಬಹುದು. ಮೇಲಾಗಿ ಒಮ್ಮೆ ಕೊರೆದ ಪೆಟ್ಟಿಗೆ ಮತ್ತೆ ಹಳೆಯ ಪೆಟ್ಟಿಗೆಯಾಗದು. ಇಂಥ ಯಂತ್ರಗಳನ್ನು ಈಗ ಯಾರೂ ತಯಾರಿಸುವುದಿಲ್ಲವಾದ್ದರಿಂದ, ಕತ್ತರಿಸುವ ಮುನ್ನ ಯೋಚಿಸುವುದು ಲೇಸು.

ನಮ್ಮ ದೇಶಕ್ಕೂ ಈ ಕಥೆಗೂ ಸಂಬಂಧವಿಲ್ಲದಿಲ್ಲ. ನಮ್ಮ ಕರೆಂಟು 50 ಆವರ್ತದ್ದು. 1982ರಲ್ಲಿ ಬಣ್ಣದ ಪ್ರಸಾರ ಆರಂಭವಾದಾಗ ನಾವು ಹಿಡಿದದ್ದು ಯುರೋಪಿನ 'ಪಾಲ್' ಪದ್ಧತಿ. ಆದ್ದರಿಂದ ಅಮೆರಿಕದಲ್ಲಿರುವ ಸೋದರಮಾವ ಪ್ರೀತಿಯಿಂದ ತಂದುಕೊಟ್ಟ ಆಟದ ಯಂತ್ರವು ನಮ್ಮ ಹಳೆಯ ಟೆಲಿವಿಷನ್ನಿನಲ್ಲಿ ಬಣ್ಣಗೆಟ್ಟು ಕಂಡರೆ, ಅದು ಮಾವನ ತಪ್ಪೂ ಅಲ್ಲ, ಹುಡುಗನ ತಪ್ಪೂ ಅಲ್ಲ.

ಈ ಎರಡು ಭೇದಗಳನ್ನು ನಾವು ಒಂದೇ ತಕ್ಕಡಿಯಲ್ಲಿ ತೂಗಬಾರದು. 50-60ರದು ಇತಿಹಾಸ ನಮಗೆ ಬಿಟ್ಟುಹೋದ ಆಸ್ತಿ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಎರಡನೆಯದಾದರೋ ಮಾರಿದವನು ಬೇಕೆಂದು ಹಾಕಿದ ಬೀಗ. ದುಡ್ಡು ಕೊಟ್ಟು ತಂದ ಪದಾರ್ಥ ಮನೆಗೆ ಬಂದ ಮೇಲೂ ಮಾರಿದವನ ಮಾತನ್ನೇ ಕೇಳಬೇಕೇ, ಕೊಂಡವನ ಮಾತನ್ನು ಕೇಳಬೇಕೇ? ಇಂದು ನಾವು ಕೊಳ್ಳುವ ಎಷ್ಟೋ ಯಂತ್ರಗಳ ವಿಷಯದಲ್ಲಿ ಈ ಪ್ರಶ್ನೆ ಏಳುತ್ತಿದೆ, ಅವುಗಳ ಬೀಗವಾದರೋ ತುಂಡು ತಂತಿಯಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಇನ್ನು ಸಾನಿಕ್‌ನ ಹಾಡು. ಯುರೋಪಿನಲ್ಲಿ ಬೆಳೆದ ಕೆಲವರು ಈಗ ಸ್ವಿಚ್ಚನ್ನು 60ಕ್ಕೆ ತಳ್ಳಿ ಅದನ್ನು ರಚಿಸಿದವನ ಗತಿಯಲ್ಲಿ ಕೇಳುತ್ತಾರೆ. ಮತ್ತೆ ಕೆಲವರು, ತಾವು ಬಾಲ್ಯದಲ್ಲಿ ಕೇಳಿದ್ದು ಅದೇ ಎಂದು, 50ಕ್ಕೇ ಹಿಂದಿರುಗಿಸುತ್ತಾರೆ. ಸ್ವಿಚ್ಚು ಇರುವುದರಿಂದ ಇಬ್ಬರಿಗೂ ಅವಕಾಶವಿದೆ.