ಹವಳದ ತೊಟ್ಟಿಯ ಪಾಚಿ: ಹತೋಟಿಯ ಇತಿಹಾಸ

ಮನೆಯಲ್ಲಿ ಉಪ್ಪುನೀರು ತುಂಬಿ ಹವಳ, ಮೀನು ಸಾಕುವ ಗಾಜಿನ ತೊಟ್ಟಿಗಳಲ್ಲಿ ಮಿತಿಮೀರಿ ಬೆಳೆದು ಹವಳವನ್ನೇ ಮುಚ್ಚಿಬಿಡುವ ಪಾಚಿಯನ್ನು ಹತೋಟಿಗೆ ತರುವ ಕ್ರಮಗಳ ಇತಿಹಾಸ.

ಇಲ್ಲಿ ಮೊದಲ ತೊಡಕು ಹೆಸರಿನದು. ಪಾಚಿ ಎಂಬ ಒಂದೇ ಮಾತಿನಲ್ಲಿ ಕನಿಷ್ಠ ಮೂರು ಜೀವಿಗಳು ಸೇರಿಕೊಂಡಿವೆ. ಹೊಸ ತೊಟ್ಟಿಯ ಮರಳಿನ ಮೇಲೆ ಕಂದು ಪುಡಿಯಾಗಿ ಕೂರುವುದು ಡಯಾಟಂ; ನೀರಿನ ಸಿಲಿಕೇಟ್ ಮುಗಿದಂತೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಕೆನ್ನೇರಳೆ ಲೋಳೆಯಾಗಿ ಹಾಳೆಹಾಳೆ ಏಳುವುದು ಸಯನೋಬ್ಯಾಕ್ಟೀರಿಯಾ. ಅದು ಬ್ಯಾಕ್ಟೀರಿಯಾ ಆದ್ದರಿಂದಲೇ ಪ್ರತಿಜೀವಕವಾದ ಎರಿಥ್ರೋಮೈಸಿನ್‌ಗೆ ಬಗ್ಗುತ್ತದೆ. ಕಲ್ಲಿಗೆ ಕೂದಲಿನಂತೆ ಅಂಟಿಕೊಂಡ ಹಸಿರು ಎಳೆಗೆ ಆ ಮದ್ದು ನಾಟುವುದಿಲ್ಲ. ಹಳೆಯ ಸಲಹೆಗಳು ಒಂದಕ್ಕೊಂದು ತಾಳೆಯಾಗದಿರಲು ಈ ಗೊಂದಲವೇ ದೊಡ್ಡ ಕಾರಣ.

ಮೊದಲ ಉಪಾಯ ಮೇಯುವ ಪ್ರಾಣಿಗಳದು. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಗಿಡ, ಮೀನು, ಬಸವನಹುಳು ಕೂಡಿದ ಸಿಹಿನೀರಿನ ತೊಟ್ಟಿಯನ್ನು ವರದಿ ಮಾಡಿದರು. 1854ರಲ್ಲಿ ಫಿಲಿಪ್ ಗಾಸ್ ಕಡಲ ತೊಟ್ಟಿಯ ಕುರಿತು ಪುಸ್ತಕ ತಂದರು. ಹಸಿರುಗಟ್ಟಿದ ಗಾಜಿನ ಮೇಲೆ ಬಸವನಹುಳು ಹಾದುಹೋದರೆ, ಅದರ ಗರಗಸದಂಥ ನಾಲಿಗೆ ಕೆರೆದ ಕಡೆ ಸಣ್ಣ ಸಣ್ಣ ಕಮಾನುಗಳ ಸಾಲು ಮೂಡುತ್ತದೆ, ಹುಲ್ಲು ಕೊಯ್ದ ಗದ್ದೆಯ ಹಾಗೆ. ಮುಂದೆ ಬಂದ ತಾಮ್ರದ ಲವಣ ಪಾಚಿಯ ಜೊತೆಗೆ ಬಸವನಹುಳುವನ್ನೂ ಹವಳವನ್ನೂ ಕೊಂದಿತು. ಅದು ಬರೀ ಮೀನಿನ ತೊಟ್ಟಿಗಷ್ಟೇ ಉಳಿಯಿತು.

ಮದ್ದಿನ ಬದಲು ನೀರನ್ನೇ ಶುಚಿಯಾಗಿಡುವ ಕ್ರಮದತ್ತ ತಿರುವು ಎಲ್ಲಿಂದ ಎಂಬ ಬಗ್ಗೆ ಒಮ್ಮತವಿಲ್ಲ. ಅನೇಕ ಬರಹಗಳು ಪೀಟರ್ ವಿಲ್ಕೆನ್ಸ್ ಮತ್ತು ಬರ್ಲಿನ್ ಹವ್ಯಾಸಿಗಳಿಂದ ಕಥೆ ಆರಂಭಿಸುತ್ತವೆ. ಆದರೆ ಜಕಾರ್ತದ ಲೀ ಚಿನ್ ಎಂಗ್, ಜೀವಂತ ಬಂಡೆ (ಕಡಲಜೀವಿಗಳು ನೆಲೆಸಿದ ಕಲ್ಲು) ಮತ್ತು ಗಾಳಿಗುಳ್ಳೆಗಳಿಂದಲೇ ಹವಳ ಸಾಕಿದ್ದನ್ನು 1961ರಲ್ಲೇ ಪ್ರಕಟಿಸಿದ್ದರು. ಮೊದಲ ಹೆಜ್ಜೆಯ ಮನ್ನಣೆ ಅವರಿಗೇ ಸಲ್ಲಬೇಕು. ಬರ್ಲಿನ್ ಕ್ರಮ ಇದಕ್ಕೆ ಎರಡು ಸೇರಿಸಿತು: ಕೊಳೆಯನ್ನು ನೊರೆಯಾಗಿಸಿ ಹೊರಹಾಕುವ ಸ್ಕಿಮ್ಮರ್, ಮತ್ತು ಸುಣ್ಣದ ತಿಳಿನೀರು. ತಿಳಿನೀರು ಹವಳಕ್ಕೆ ಕ್ಯಾಲ್ಸಿಯಂ ಕೊಡುತ್ತದೆ, ಒಂದಷ್ಟು ಫಾಸ್ಫೇಟನ್ನೂ ಗಟ್ಟಿಯಾಗಿಸಿ ಕೆಳಗಿಳಿಸುತ್ತದೆ.

ಅಮೆರಿಕದ ವಾಲ್ಟರ್ ಅಡೇ ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ಪಾಚಿಯನ್ನು ಓಡಿಸುವ ಬದಲು ಬೇರೆ ಜಾಲರಿಯ ಮೇಲೆ ಬೆಳಕು ಕೊಟ್ಟು ಬೆಳೆಸಿ, ಕೆರೆದು ತೆಗೆಯುವುದು. ಅದರೊಂದಿಗೆ ನೈಟ್ರೇಟ್, ಫಾಸ್ಫೇಟ್ ಹೊರಹೋಗುತ್ತವೆ. ಇದರ ಪೇಟೆಂಟ್ 1982ರದು. ನೀರು ಹಳದಿಯಾಗುತ್ತದೆ ಎಂದು ಟೀಕಾಕಾರರು ದೂರಿದರು. ಪೇಟೆಂಟಿನ ಮರುವರ್ಷ ಸಮುದ್ರವೇ ಒಂದು ಪಾಠ ಕಲಿಸಿತು. ಕೆರಿಬಿಯನ್‌ನಲ್ಲಿ ಡಯಾಡೆಮಾ ಎಂಬ ಕಡಲ ಮುಳ್ಳುಚೆಂಡು ರೋಗದಿಂದ ಸಾಮೂಹಿಕವಾಗಿ ಸತ್ತಿತು. ಬಿರುಗಾಳಿ, ಅತಿ ಮೀನುಗಾರಿಕೆಯೂ ಸೇರಿ, ಜಮೈಕಾದಲ್ಲಿ 1977ರ ಸುಮಾರಿಗೆ ಶೇ. 52ರಷ್ಟಿದ್ದ ಹವಳದ ಹೊದಿಕೆ 1990ರ ದಶಕದ ಆರಂಭಕ್ಕೆ ಶೇ. 3ಕ್ಕಿಳಿಯಿತು, ಪಾಚಿ ಶೇ. 4ರಿಂದ 92ಕ್ಕೇರಿತು. ಪೋಷಕಾಂಶ ಮಾತ್ರವಲ್ಲ, ಮೇಯುವವರೂ ಇರಬೇಕೆಂಬುದು ಅಲ್ಲಿಗೆ ನಿಚ್ಚಳವಾಯಿತು.

ಉತ್ತರ ಕನ್ನಡದ ಕರಾವಳಿಗೆ ಈ ಚರಿತ್ರೆ ದೂರದ್ದಲ್ಲ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ, ಭಟ್ಕಳ ತಾಲ್ಲೂಕಿನ ನೇತ್ರಾಣಿ ಗುಡ್ಡದ ಸುತ್ತ ಹವಳವಿದೆ. ಅಲ್ಲಿನ ಜೀವಿಸಮೂಹದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. 2001ರಲ್ಲಿ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಕಾಯಿದೆಯ ಮೊದಲ ಪರಿಚ್ಛೇದಕ್ಕೆ ಸೇರಿದವು. ಆದ್ದರಿಂದ ನೇತ್ರಾಣಿಯ ಹವಳಗಲ್ಲನ್ನು ಮನೆಯ ತೊಟ್ಟಿಗೆ ತರುವುದು ಅಪರಾಧ. 2008ರಲ್ಲೇ ತಮಿಳುನಾಡಿನ ಕುರುಸಡೈ ದ್ವೀಪದಲ್ಲಿ, ಬೇಸಾಯಕ್ಕೆಂದು ತಂದ ಕಪ್ಪಾಫೈಕಸ್ ಎಂಬ ಕಡಲಕಳೆ ಹವಳದ ಮೇಲೆ ಹರಡಿದ್ದು ದಾಖಲಾಯಿತು. ತೊಟ್ಟಿಯ ಕಳೆಯನ್ನು ಕಿತ್ತು ಸಮುದ್ರಕ್ಕೆ ಎಸೆಯುವುದು ಏಕೆ ಕೂಡದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಇತ್ತೀಚಿನ ವರ್ಷಗಳಲ್ಲಿ ಕಬ್ಬಿಣದ ಆಕ್ಸೈಡ್ ಹರಳುಗಳು ಫಾಸ್ಫೇಟ್ ಹೀರಲು ಬಳಕೆಗೆ ಬಂದಿವೆ. ಬ್ರಯಾಪ್ಸಿಸ್ ಎಂಬ ಹಟಮಾರಿ ಪಾಚಿಗೆ ಶಿಲೀಂಧ್ರದ ಮದ್ದಾದ ಫ್ಲುಕೊನಜೋಲ್ ಬಳಸುವವರಿದ್ದಾರೆ. ಪೋಷಕಾಂಶವನ್ನು ಪೂರ್ತಿ ಸೊನ್ನೆಗಿಳಿಸಿದ ತೊಟ್ಟಿಗಳಲ್ಲಿ ಪಾಚಿಯ ಜಾಗಕ್ಕೆ ಏಕಕೋಶ ಜೀವಿಗಳಾದ ಡೈನೋಫ್ಲಾಜಲೇಟ್‌ಗಳು ಬಂದು ಕೂರುವುದೂ ಕಂಡಿದೆ.

ಈ ಕರಾವಳಿಯಲ್ಲಿ ನೀರಿನ ಮೂಲವೂ ಒಂದು ಪ್ರಶ್ನೆ. ಹೊನ್ನಾವರದ ಶರಾವತಿ ಅಳಿವೆ, ಕುಮಟಾ ಬಳಿಯ ಅಘನಾಶಿನಿ ಅಳಿವೆಗಳ ನೀರು ಮಳೆಗಾಲದಲ್ಲಿ ಕೆಂಪಾಗಿ, ಉಪ್ಪು ಇಳಿದು, ಗದ್ದೆ ತೋಟಗಳ ಸಾರವನ್ನು ಹೊತ್ತು ಬರುತ್ತದೆ. ಹವಳಕ್ಕೆ ಬೇಕಾದದ್ದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ತಿಳಿನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳಿವೆಯಿಂದ ಕೊಡ ತುಂಬಿಸಿಕೊಂಡು ಬರುವುದೆಂದರೆ ಪಾಚಿಗೆ ಗೊಬ್ಬರ ಹೊತ್ತು ತಂದಂತೆ.