ದೊಡ್ಡ ಸ್ವಾಮಿಯವರು ಹಾಕಿಸಿದ ದಾಕು



ನಿಮ್ಮ ಮನೆಯ ಹಿರಿಯರ ತೋಳಿನ ಮೇಲೆ ದುಂಡಗಿನ ಹಳೆಯ ಕಲೆಯೊಂದನ್ನು ನೀವು ಕಂಡಿರಬಹುದು. ಸಿಡುಬು ಬಾರದಿರಲೆಂದು ಅವರ ಬಾಲ್ಯದಲ್ಲಿ ಹಾಕಿಸಿದ ದಾಕಿನ ಗುರುತು ಅದು. ಆ ಕಲೆಯ ಹಿಂದಿರುವ ಚರಿತ್ರೆಯಲ್ಲಿ ನಮ್ಮ ಧರ್ಮಸಭೆಯ ಒಬ್ಬ ಗುರುವಿಗೂ ಸ್ಥಾನವಿದೆ. ವೈದ್ಯಕೀಯ ಮಾಹಿತಿಯ ಮಹಾಪೂರದಲ್ಲಿ ಬದುಕುತ್ತಿರುವ ಇಂದಿನ ಕುಟುಂಬಗಳಿಗೆ ಆ ಚರಿತ್ರೆಯಿಂದ ಕಲಿಯಬೇಕಾದ ಪಾಠವೂ ಇದೆ.

ಸಿಡುಬು ಒಂದು ಕಾಲಕ್ಕೆ ಮನೆಮನೆಯ ಭಯವಾಗಿತ್ತು. ತೀವ್ರ ಬಗೆಯ ಸಿಡುಬು ತಗುಲಿದವರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದರು. ಬದುಕಿ ಉಳಿದವರಲ್ಲಿ ಹಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಸುಗಳ ಕೆಚ್ಚಲಿನ ಮೇಲೆ ಏಳುವ ಸೌಮ್ಯವಾದ ಸಿಡುಬಿನ ರಸವನ್ನು ಬಾಲಕನೊಬ್ಬನ ತೋಳಿಗೆ ಹಚ್ಚಿ, ಅದು ಮಾರಕ ಸಿಡುಬಿನಿಂದ ರಕ್ಷಿಸುವುದೆಂದು ತೋರಿಸಿಕೊಟ್ಟನು. 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಭಾರತದ ಮೊದಲ ದಾಕು ಯಶಸ್ವಿಯಾಗಿ ಬಿದ್ದಿತು. ಶೀತಲ ಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ, ದಾಕು ಹಾಕಿಸಿಕೊಂಡವರ ತೋಳಿನ ಗುಳ್ಳೆಯ ರಸವನ್ನು ತೆಗೆದು ಇನ್ನೊಬ್ಬರ ತೋಳಿಗೆ ಹಚ್ಚುತ್ತಿದ್ದರು. ಹೀಗೆ ತೋಳಿನಿಂದ ತೋಳಿಗೆ ಸಾಗಿ ಅದು ಮೈಸೂರು ಸೀಮೆಯನ್ನು ತಲುಪಿತು.

ಜನ ಅಂಜಿದ್ದರಲ್ಲಿ ಆಶ್ಚರ್ಯವಿಲ್ಲ. ಪರರ ಮೈಯ ರಸ ತಮ್ಮ ಮಗುವಿನ ಮೈ ಸೇರಬೇಕೇ? ಊರ ದೇವತೆ ಮುನಿದಾಳೇ? ಪರದೇಶದವರು ತಂದ ಈ ಮದ್ದನ್ನು ನಂಬುವುದಾದರೂ ಹೇಗೆ? ಅವರನ್ನು ಅಜ್ಞಾನಿಗಳೆಂದು ನಾವು ಹಳಿಯಬಾರದು. ಮಗುವನ್ನು ಎದೆಗಪ್ಪಿಕೊಂಡ ತಾಯಿಗೆ ಅಂಥ ಪ್ರಶ್ನೆಗಳು ಮೂಡುವುದು ಸಹಜವೇ ಸರಿ.

ಈ ಸಂದರ್ಭದಲ್ಲಿ ದಾಕಿನ ಕಾರ್ಯಕ್ಕೆ ಕೈಹಚ್ಚಿದವರು ಫ್ರಾನ್ಸಿನ ಮಿಷನರಿ ಅಬ್ಬೆ ದುಬ್ವಾ. 1792ರಲ್ಲಿ ಭಾರತಕ್ಕೆ ಬಂದ ಅವರು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಆಗಮಿಸಿದರು. ಗಂಜಾಂನ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅವರು ಈ ನೆಲದ ಉಡುಗೆ ತೊಟ್ಟರು, ಈ ನೆಲದ ಊಟ ಉಂಡರು; ಬಡ ಕುಟುಂಬಗಳಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಜನರು ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಾವಿರಾರು ಜನರಿಗೆ ದಾಕು ಹಾಕಿಸಿದ ಕೀರ್ತಿ ಅವರದು. ತಮ್ಮ ನಡುವೆ ಬಾಳಿದವರ ಮಾತಾದ್ದರಿಂದ ಜನ ಅದಕ್ಕೆ ಕಿವಿಗೊಟ್ಟರೆಂದು ಭಾವಿಸಲು ಅಡ್ಡಿಯಿಲ್ಲ.

ಅದೇ ಕಾಲದ ಇನ್ನೊಂದು ಪ್ರಸಂಗವನ್ನು ಗಮನಿಸಿ. 1819ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಒಂದು ಪತ್ರ ಅಚ್ಚಾಯಿತು. ಹಸುವಿನ ಸಿಡುಬಿನ ದಾಕು ಭಾರತಕ್ಕೆ ಹೊಸದಲ್ಲ, ಧನ್ವಂತರಿಯ ಹೆಸರಿನ ಪ್ರಾಚೀನ ಗ್ರಂಥದಲ್ಲೇ ಅದರ ವಿವರವಿದೆ ಎಂದು ಆ ಪತ್ರ ಸಾರಿತು. ದಾಕಿನ ಬಗ್ಗೆ ಜನರ ಮನವೊಲಿಸುವ ಸದುದ್ದೇಶ ಅದರ ಹಿಂದೆ ಇದ್ದಿರಬೇಕು. ಆದರೆ ಆ ಹೇಳಿಕೆ ಕಟ್ಟುಕಥೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು, ಮೂಲವನ್ನು ನೋಡದೆಯೇ ಪುಸ್ತಕದಿಂದ ಪುಸ್ತಕಕ್ಕೆ ದಾಟಿಸುತ್ತಾ ಬಂದರು. 1987ರಲ್ಲಿ ಡೊಮಿನಿಕ್ ವುಜಾಸ್ಟಿಕ್ ಎಂಬ ವಿದ್ವಾಂಸರು ಅದರ ಬೇರನ್ನು ಹುಡುಕಿ, ಅದು ಸೃಷ್ಟಿಸಿದ ದಾಖಲೆಯೆಂದು ತೋರಿಸಿದರು. ಇಂದು ನಮ್ಮ ಮೊಬೈಲುಗಳಿಗೆ ಬಂದು ಬೀಳುವ ಸಂದೇಶಗಳ ಗುಣವೂ ಇದೇ ಅಲ್ಲವೇ?

ಸತ್ಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಅಬ್ಬೆ ದುಬ್ವಾ ಅವರ ಹೆಸರಿನಲ್ಲಿ 1816ರಲ್ಲಿ ಪ್ರಕಟವಾದ ಪ್ರಸಿದ್ಧ ಗ್ರಂಥದ ಬಹುಭಾಗ, ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕುರ್ದೂ ಅವರ ಹಸ್ತಪ್ರತಿಯಿಂದ ಬಂದದ್ದೆಂದು ಸಂಶೋಧನೆ ತಿಳಿಸಿದೆ. ಆ ಗ್ರಂಥದ ಕೆಲವು ತೀರ್ಪುಗಳು ಕಟುವಾಗಿಯೂ ಇವೆ. ಇದರಿಂದ ಅವರ ಸೇವೆಯೇನೂ ಕಿರಿದಾಗುವುದಿಲ್ಲ. ಆದರೆ ಒಂದು ವಿಷಯದಲ್ಲಿ ನಂಬಿಕೆಗೆ ಅರ್ಹರಾದವರ ಮಾತನ್ನೂ ಎಲ್ಲ ವಿಷಯಗಳಲ್ಲಿ ಕಣ್ಣು ಮುಚ್ಚಿ ಒಪ್ಪಬಾರದೆಂಬ ಎಚ್ಚರ ನಮಗಿರಬೇಕು. ಗೌರವಾನ್ವಿತರ ಹೆಸರು ಹೊತ್ತು ಬರುವ ಆರೋಗ್ಯ ಸಲಹೆಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ನಾವೇನು ಮಾಡಬೇಕು? ಆರೋಗ್ಯದ ಅರಿವೆಂದರೆ ಎಲ್ಲರೂ ವೈದ್ಯರಾಗುವುದಲ್ಲ. ಸರಿಯಾದ ಪ್ರಶ್ನೆ ಕೇಳಲು ಕಲಿಯುವುದು. ಸಂದೇಶ ಬಂದಾಗ ಕೇಳಿಕೊಳ್ಳಿ: ಇದನ್ನು ಹೇಳಿದವರು ಯಾರು? ಅವರಿಗೆ ಇದು ಹೇಗೆ ತಿಳಿಯಿತು? ನಾನು ನಂಬಿದರೆ ಲಾಭ ಯಾರಿಗೆ? ವೈದ್ಯರ ಬಳಿಗೆ ಹೋದಾಗಲೂ ಸಂಕೋಚ ಬೇಡ. ಕಾಯಿಲೆಯ ಹೆಸರೇನು, ಈ ಮಾತ್ರೆ ಏತಕ್ಕೆ, ಎಷ್ಟು ದಿನ ನುಂಗಬೇಕು, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು ಎಂದು ಕೇಳಿ ಬರೆದುಕೊಳ್ಳಿ. ಯಾರೋ ಕಳುಹಿಸಿದ ಕಷಾಯದ ವಿವರವನ್ನು ನಂಬಿ, ಸಕ್ಕರೆ ಕಾಯಿಲೆಯ ಅಥವಾ ರಕ್ತದೊತ್ತಡದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಖಚಿತವಾಗದ ಮಾತನ್ನು ಮುಂದಕ್ಕೆ ಕಳುಹಿಸದಿರುವುದೂ ನೆರೆಯವರ ಮೇಲಿನ ಪ್ರೀತಿಯೇ.

ಪ್ರಾರ್ಥನೆಗೂ ಮದ್ದಿಗೂ ವಿರೋಧವಿಲ್ಲ. ವೈದ್ಯನೂ ದೇವರ ಕೊಡುಗೆಯೆಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಬೋಧಿಸುತ್ತದೆ. ರೋಗಿಯು ದೇವರಲ್ಲಿ ಮೊರೆಯಿಡಲಿ, ವೈದ್ಯನಿಗೂ ಎಡೆಗೊಡಲಿ ಎಂಬುದು ಅದರ ಸಾರ.

1980ರ ಮೇ 8ರಂದು ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಭೆ ಘೋಷಿಸಿತು. ಈಗ ಮಕ್ಕಳಿಗೆ ಆ ದಾಕು ಬೇಕಾಗಿಲ್ಲ. ಹಿರಿಯರ ತೋಳಿನ ಆ ಕಲೆಯನ್ನು ಇಂದು ಸಂಜೆ ನಿಮ್ಮ ಮಕ್ಕಳಿಗೆ ತೋರಿಸಿ. ಅಂಜಿಕೆಯ ನಡುವೆಯೂ ಅಂದಿನ ತಂದೆತಾಯಂದಿರು ಮಕ್ಕಳ ತೋಳನ್ನು ಮುಂದೆ ಚಾಚಿದ್ದರಿಂದಲೇ ಇಂದಿನ ಮಕ್ಕಳು ಆ ರೋಗವನ್ನು ಕಾಣದೆ ಬೆಳೆಯುತ್ತಿದ್ದಾರೆ. ಅವರ ಧೈರ್ಯವನ್ನೂ ಅದರೊಡನೆ ವಿವೇಚನೆಯನ್ನೂ ಪ್ರಭುವು ನಮ್ಮ ಕುಟುಂಬಗಳಿಗೆ ಅನುಗ್ರಹಿಸಲಿ.